ಮಾತಿಗೆ ಸಿಮ್ಮಿನ ಮೂಗುದಾರ

ಆಳಂದದ ಹೆಸರು ದೇಶದ ಕಿವಿಗೆ ಬಿದ್ದದ್ದು 2025ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮೊದಲು ಲಾಡ್ಲೆ ಮಶಾಯಕರ ದರ್ಗಾಕ್ಕೆ ಬಂದು ಹೋಗುವವರಿಗೆ, ತೊಗರಿ ವ್ಯಾಪಾರಿಗಳಿಗೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದಿದವರಿಗೆ ಈ ತಾಲೂಕು ಗೊತ್ತಿತ್ತು. ಆದರೆ ಆ ಸೆಪ್ಟೆಂಬರ್‌ನಲ್ಲಿ ಅದು ಸುದ್ದಿಯಾದದ್ದು ಯಾರದೋ ಕೈಯಲ್ಲಿದ್ದ ಮೊಬೈಲ್ ನಂಬರುಗಳ ದೆಸೆಯಿಂದ.

ಕತೆ ಬಹುತೇಕರಿಗೆ ತಿಳಿದದ್ದೇ. 2022ರ ಕೊನೆಯಲ್ಲಿ, ವಿಧಾನಸಭಾ ಚುನಾವಣೆಗೆ ಕೆಲವೇ ತಿಂಗಳುಗಳಿದ್ದಾಗ, ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಬೇಕೆಂದು ಕೋರಿ ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದವು. ಅಧಿಕಾರಿಗಳು ಒಂದೊಂದನ್ನೂ ಪರಿಶೀಲಿಸಿ ನೋಡಿದರೆ ಸರಿಯಾಗಿದ್ದವು 24 ಮಾತ್ರ. ಉಳಿದ 5,994 ತಿರಸ್ಕೃತವಾದವು. 2023ರ ಫೆಬ್ರವರಿ 21ರಂದು ಆಳಂದ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ಯಾರ ಹೆಸರಿನಲ್ಲಿ ಅರ್ಜಿ ಹೋಗಿತ್ತೋ ಅವರು ತಾವು ಅಂಥ ಅರ್ಜಿಯನ್ನೇ ಹಾಕಿಲ್ಲ ಎಂದರು. ಅವರ ಪಕ್ಕದ ಮನೆಯವರ ಮತವನ್ನು ಅಳಿಸಿ ಎಂದು ಅವರ ಹೆಸರಿನಲ್ಲೇ ಕೇಳಲಾಗಿತ್ತು, ಅರ್ಜಿಗೆ ಜೋಡಿಸಿದ ಮೊಬೈಲ್ ನಂಬರು ಮಾತ್ರ ಬೇರೆ ಯಾರದೋ ಆಗಿತ್ತು. 2025ರ ಸೆಪ್ಟೆಂಬರ್ 18ರಂದು ರಾಹುಲ್ ಗಾಂಧಿ ದೆಹಲಿಯಲ್ಲಿ ಈ ವಿಷಯ ಎತ್ತಿದರು. ರಾಜ್ಯ ಸರಕಾರ ವಿಶೇಷ ತನಿಖಾ ತಂಡ ರಚಿಸಿತು. ತನಿಖೆ, ನ್ಯಾಯಾಲಯಗಳ ಕೆಲಸ ಅವುಗಳಿಗಿರಲಿ. ನಮಗೆ ಬೇಕಾದದ್ದು ಇದರಲ್ಲಿರುವ ಒಂದು ಸರಳ ಪಾಠ. ಮೊಬೈಲ್ ನಂಬರು ಬೇರೆ, ಮನುಷ್ಯ ಬೇರೆ.

ಈ ಪಾಠವನ್ನು ದೇಶ ಕಲಿಯುವ ಮೊದಲೇ, ಎರಡು ತಿಂಗಳ ಬಳಿಕ, ನವೆಂಬರ್ 28ರಂದು ಕೇಂದ್ರದ ದೂರಸಂಪರ್ಕ ಇಲಾಖೆ ಒಂದು ನಿರ್ದೇಶನ ಹೊರಡಿಸಿತು. ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್, ಅರಟ್ಟೈ ಮೊದಲಾದ ಆ್ಯಪ್‌ಗಳು ತಮ್ಮ ಖಾತೆಯನ್ನು ಮೊಬೈಲಿನೊಳಗಿನ ಸಿಮ್ಮಿಗೆ ಸದಾಕಾಲ ಕಟ್ಟಿಡಬೇಕು. ಆ ಸಿಮ್ ಚಾಲ್ತಿಯಲ್ಲಿಲ್ಲದ ಫೋನಿನಲ್ಲಿ ಆ್ಯಪ್ ನಡೆಯಕೂಡದು. ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ಬಳಸುವವರನ್ನು ಆರು ಗಂಟೆಗೊಮ್ಮೆ ಹೊರಗೆ ಹಾಕಬೇಕು. ಇದಕ್ಕೆ 90 ದಿನಗಳ ಗಡುವು. ಅಲ್ಲಿಯವರೆಗೆ ನಂಬರು ನೋಂದಾಯಿಸುವಾಗ ಒಮ್ಮೆ ಒಟಿಪಿ ಕೊಟ್ಟರೆ ಮುಗಿಯುತ್ತಿತ್ತು. ಆಮೇಲೆ ಸಿಮ್ ಇದ್ದರೂ ಇಲ್ಲದಿದ್ದರೂ, ಎಲ್ಲಿಂದಲಾದರೂ ಇಂಟರ್ನೆಟ್ ಸಿಕ್ಕರೆ ಮಾತಾಡಬಹುದಿತ್ತು. ಗಡುವು ಹಿಂದೆ ಸರಿಯುತ್ತದೆಯೋ ಮುಂದೆ ಸರಿಯುತ್ತದೆಯೋ ಎಂಬುದಲ್ಲ ಇಲ್ಲಿನ ಪ್ರಶ್ನೆ. ಇಂಟರ್ನೆಟ್ ಮೂಲಕ ಆಡುವ ಮಾತನ್ನು ಮೊಬೈಲ್ ಕಂಪನಿಯ ರೀಚಾರ್ಜಿಗೆ ಕಟ್ಟಿಹಾಕುವುದು ನ್ಯಾಯವೇ ಎಂಬುದು ಪ್ರಶ್ನೆ. ನ್ಯಾಯವಲ್ಲ ಎಂಬುದು ಈ ಲೇಖನದ ವಾದ.

ಸರಕಾರದ ವಾದವನ್ನು ಮೊದಲು ನೋಡೋಣ, ಏಕೆಂದರೆ ಅದು ಟೊಳ್ಳಲ್ಲ. ಸೈಬರ್ ವಂಚನೆಯಿಂದ ಜನ 2024ರ ಒಂದೇ ವರ್ಷದಲ್ಲಿ 22,800 ಕೋಟಿ ರೂಪಾಯಿಗೂ ಹೆಚ್ಚು ಕಳೆದುಕೊಂಡರೆಂದು ಸರಕಾರವೇ ಹೇಳಿದೆ. ಪೊಲೀಸ್ ವೇಷದಲ್ಲಿ ವಿಡಿಯೊ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ, ನಿವೃತ್ತ ಮೇಷ್ಟರ ಜೀವಮಾನದ ಗಳಿಕೆಯನ್ನು ಬಳಿದುಕೊಂಡು ಹೋಗುವವರಿದ್ದಾರೆ. ಇವರಲ್ಲಿ ಹಲವರು ಭಾರತದ ನಂಬರಿನಲ್ಲಿ ಖಾತೆ ತೆರೆದು, ಸಿಮ್ಮನ್ನು ಎಸೆದು, ಹೊರದೇಶದಲ್ಲಿ ಕುಳಿತು ಕರೆ ಮಾಡುತ್ತಾರೆ. ಅಂಥವರನ್ನು ಹಿಡಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕಳ್ಳನನ್ನು ಹಿಡಿಯಲು ಊರಿನ ಪ್ರತಿ ಮನೆಯ ಬಾಗಿಲಿಗೂ ಹೊರಗಿನಿಂದ ಚಿಲಕ ಹಾಕಿ, ಅದನ್ನು ತೆಗೆಯಲು ಮನೆಯವರಿಂದಲೇ ತಿಂಗಳು ತಿಂಗಳು ಕಾಸು ವಸೂಲು ಮಾಡುವುದನ್ನು ಭದ್ರತೆ ಎನ್ನಲಾಗದು.

ಸಿಮ್ ಎಂಬುದು ಕಳ್ಳನ ಕೈಗೆ ಸಿಗದ ವಸ್ತುವೂ ಅಲ್ಲ. 2021ರ ಜೂನ್‌ನಲ್ಲಿ ಬೆಂಗಳೂರು ಪೊಲೀಸರು ಅಕ್ರಮ ಟೆಲಿಫೋನ್ ವಿನಿಮಯ ಕೇಂದ್ರಗಳ ಒಂದು ಜಾಲವನ್ನು ಭೇದಿಸಿದರು. ಸಿಕ್ಕದ್ದು 32 ಸಿಮ್ ಬಾಕ್ಸ್‌ಗಳು. ಅವುಗಳಲ್ಲಿ ಏಕಕಾಲಕ್ಕೆ 960 ಸಿಮ್‌ಗಳನ್ನು ಬಳಸಬಹುದಿತ್ತು. ಹೊರದೇಶದಿಂದ ಇಂಟರ್ನೆಟ್ ಮೂಲಕ ಬಂದ ಕರೆಯನ್ನು ಈ ಪೆಟ್ಟಿಗೆ ಸ್ಥಳೀಯ ಮೊಬೈಲ್ ಕರೆಯಾಗಿ ಮಾರ್ಪಡಿಸುತ್ತದೆ. ಐಎಸ್‌ಡಿ ದರ ಉಳಿಯುತ್ತದೆ, ಕರೆ ಮಾಡಿದವನ ಗುರುತೂ ಅಳಿಯುತ್ತದೆ. ಅಂದರೆ ಇಂಟರ್ನೆಟ್ ಕರೆಯನ್ನು ಮೊಬೈಲ್ ಪ್ಲಾನಿಗೆ ಜೋಡಿಸುವ ವಿದ್ಯೆಯನ್ನು ಸರಕಾರಕ್ಕಿಂತ ಮೊದಲೇ ಕಳ್ಳರು ಕಲಿತಿದ್ದಾರೆ. ನೂರಾರು ಸಿಮ್ ಕೊಂಡು ನೂರಾರಕ್ಕೂ ರೀಚಾರ್ಜ್ ಹಾಕುವ ಶಕ್ತಿ ಅವರಿಗಿದೆ. ಆ ಶಕ್ತಿ ಇಲ್ಲದಿರುವುದು ಆಳಂದದ ಕೂಲಿಕಾರನಿಗೆ.

ಈಗ ಆ ಕೂಲಿಕಾರನ ಲೆಕ್ಕ ನೋಡೋಣ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಜನ ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟುವುದು ಹೊಸದಲ್ಲ. ಸೊಲ್ಲಾಪುರ, ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು ಎಂದು ಕಟ್ಟಡದ ಕೆಲಸಕ್ಕೆ, ಕಬ್ಬು ಕಡಿಯುವುದಕ್ಕೆ ಹೋಗುತ್ತಾರೆ. ಕೆಲವರು ಕೊಲ್ಲಿ ದೇಶಗಳ ಹಾದಿಯನ್ನೂ ಹಿಡಿದಿದ್ದಾರೆ. ಊರಿನಲ್ಲಿ ಉಳಿಯುವವರು ಮುದುಕರು, ಹೆಂಗಸರು, ಮಕ್ಕಳು. ಇಂಥ ಮನೆಯಲ್ಲಿ ವಾಟ್ಸಾಪ್ ಕರೆ ಚಟವಲ್ಲ, ಸಂಸಾರ ನಡೆಸುವ ದಾರಿ. ಮಗಳ ಶಾಲೆಯ ಫೀಸು, ಅಮ್ಮಿಯ ಸಕ್ಕರೆ ಕಾಯಿಲೆಯ ಗುಳಿಗೆ, ಹೊಲದ ತಕರಾರು, ನಿಕಾಹಿನ ಮಾತುಕತೆ ಎಲ್ಲ ಅದರಲ್ಲೇ ನಡೆಯಬೇಕು. ಓದಲು ಬಾರದ ಅಮ್ಮಿಗೆ ಮೆಸೇಜು ನಿಷ್ಪ್ರಯೋಜಕ. ಆಕೆಗೆ ಧ್ವನಿ ಬೇಕು, ಆದರೆ ಮುಖವೂ ಬೇಕು.

ಈ ಧ್ವನಿಯ ಬೆಲೆ ಏರುತ್ತಲೇ ಬಂದಿದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದಾಗ ಇನ್ನು ಮೇಲೆ ಮಾತು ಬಿಟ್ಟಿ, ಕಾಸು ಡೇಟಾಕ್ಕೆ ಮಾತ್ರ ಎಂದು ಸಾರಲಾಯಿತು. 2024ರ ಜುಲೈ ಹೊತ್ತಿಗೆ ಅದೇ ಕಂಪನಿಯ 155 ರೂಪಾಯಿಯ 28 ದಿನದ ಪ್ಲಾನು 189 ಆಯಿತು. ಏರ್‌ಟೆಲ್‌ನ 179 ರೂಪಾಯಿಯದು 199 ಆಯಿತು. ಡೇಟಾ ಬೇಡದವರಿಗೆ ಮಾತಿನದಷ್ಟೇ ಪ್ಲಾನು ಕೊಡಿ ಎಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಡ್ಡಾಯ ಮಾಡಿತು. 2025ರ ಜನವರಿಯಲ್ಲಿ ಬಂದ ಅಂಥ ಪ್ಲಾನುಗಳು 84 ದಿನಕ್ಕೆ ಜಿಯೊದಲ್ಲಿ 448 ರೂ., ಏರ್‌ಟೆಲ್‌ನಲ್ಲಿ 469 ರೂ. ನಿಂತವು. ನಾಲ್ಕು ಫೋನುಗಳಿರುವ ಮನೆಯಲ್ಲಿ ಇದು ಮೂರು ತಿಂಗಳಿಗೂ ಸಾಲದ ಅವಧಿಗೆ ಸಾವಿರದ ಎಂಟು ನೂರರ ಸುತ್ತಿನ ಖರ್ಚು. ಇಂಟರ್ನೆಟ್ ಇದರಲ್ಲಿ ಸೇರಿಲ್ಲ.

ಬಡವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಮನೆಯಲ್ಲಿ ಒಂದೇ ಫೋನಿಗೆ ರೀಚಾರ್ಜ್, ಉಳಿದವು ಅದರ ಹಾಟ್‌ಸ್ಪಾಟಿನಲ್ಲಿ ನಡೆಯುತ್ತವೆ. ಹಳೆಯ ಹ್ಯಾಂಡ್‌ಸೆಟ್ಟಿಗೆ ಸಿಮ್ ಬೇಕಿಲ್ಲ. ಒಮ್ಮೆ ಖಾತೆ ತೆರೆದರೆ ಸಾಕು. ಅವಧಿ ಮುಗಿದ ಸಿಮ್ ಪೆಟ್ಟಿಗೆಯಲ್ಲಿ ಮಲಗಿದ್ದರೂ ಅದರ ನಂಬರಿನ ವಾಟ್ಸಾಪಿನಲ್ಲಿ ಮಗ ಪುಣೆಯಿಂದ ಸಲಾಂ ಹೇಳುತ್ತಾನೆ. ದೂರಸಂಪರ್ಕ ಇಲಾಖೆಯ ನಿರ್ದೇಶನ ನೇರವಾಗಿ ಕೈ ಹಾಕುವುದು ಈ ಉಪಾಯಕ್ಕೆ. ಇದನ್ನು ‘ಸುರಕ್ಷತೆಯ ಲೋಪ’ ಎಂದು ಕರೆಯಬಹುದು. ನಾಲ್ಕು ಫೋನಿಗೂ ರೀಚಾರ್ಜ್ ಹಾಕಲಾಗದ ಮನೆಯ ಮಟ್ಟಿಗೆ ಅದು ಬದುಕಿನ ಜಾಣ್ಮೆ.

ಕೊಲ್ಲಿಗೆ ಹೋದವರ ಪಾಡು ಇನ್ನೊಂದು ಬಗೆಯದು. ಊರಿನ ನಂಬರಿನಲ್ಲೇ ಅವರ ವಾಟ್ಸಾಪ್ ಇರುತ್ತದೆ. ಬಂಧುಬಳಗ, ಜಮಾತಿನ ಗುಂಪು, ಬ್ಯಾಂಕು, ಎಲ್ಲರೂ ಬಲ್ಲ ನಂಬರು ಅದೊಂದೇ. ಫೋನಿನಲ್ಲಿ ಮಾತ್ರ ಅಲ್ಲಿನ ಸಿಮ್. ಊರಿನ ಸಿಮ್ಮೂ ಫೋನಿನಲ್ಲೇ ಇದ್ದು ರೋಮಿಂಗ್‌ನಲ್ಲಿದ್ದರೆ ತೊಂದರೆಯಿಲ್ಲ ಎಂದು ಸರಕಾರ ಸ್ಪಷ್ಟನೆ ಕೊಟ್ಟಿತು. ಒಳ್ಳೆಯದು. ಆದರೆ ಆ ಸಿಮ್ ಜೀವಂತ ಇರಬೇಕಾದರೆ ಎರಡು ವರ್ಷದ ಕರಾರು ಮುಗಿಯುವವರೆಗೂ ಯಾರಾದರೂ ಊರಿನಲ್ಲಿ ರೀಚಾರ್ಜ್ ಹಾಕುತ್ತಿರಬೇಕು. ಅವರು ಕರೆ ಮಾಡುವುದು ಒಂದು ದೇಶದ ಇಂಟರ್ನೆಟ್ಟಿನಲ್ಲಿ, ಕಪ್ಪ ಕೊಡುವುದು ಎರಡು ದೇಶದ ಕಂಪನಿಗಳಿಗೆ! ಸಿಮ್ ಕೆಟ್ಟರೆ, ಕಳೆದರೆ ಹೊಸದು ಪಡೆಯಲು ಸಾಮಾನ್ಯವಾಗಿ ಅವರೇ ಖುದ್ದಾಗಿ ಗುರುತಿನ ಚೀಟಿ ಹಿಡಿದು ಅಂಗಡಿಯ ಮುಂದೆ ನಿಲ್ಲಬೇಕು. ಪಾಸ್‌ಪೋರ್ಟೇ ಮಾಲೀಕನ ಮೇಜಿನ ಖಾನೆಯಲ್ಲಿರುವ ಕೂಲಿಕಾರ ಸಿಮ್ಮಿಗೋಸ್ಕರ ವಿಮಾನ ಹತ್ತುವನೇ?

ಇನ್ನೂ ಒಂದು ಅಪಾಯವಿದೆ. 90 ದಿನ ಬಳಸದ, ಕನಿಷ್ಠ 20 ರೂಪಾಯಿ ಬಾಕಿಯೂ ಇಲ್ಲದ ನಂಬರನ್ನು ಕಂಪನಿ ರದ್ದುಪಡಿಸಬಹುದು. ಸ್ವಲ್ಪ ಕಾಲ ಬಿಟ್ಟು ಅದು ಬೇರೊಬ್ಬರಿಗೆ ಸಿಗುತ್ತದೆ. ಇಂದು ನಿಮ್ಮ ಹೆಸರಿನ ಗುರುತಾಗಿರುವ ಹತ್ತು ಅಂಕಿ ನಾಳೆ ಅಪರಿಚಿತರೊಬ್ಬರ ಗುರುತು. ಇಷ್ಟು ಸುಲಭವಾಗಿ ಕೈ ಬದಲಾಯಿಸುವ ವಸ್ತುವನ್ನು ಪ್ರಜೆಯ ಶಾಶ್ವತ ಗುರುತೆಂದು ನಂಬಿ ಮತ, ಬ್ಯಾಂಕು, ಪಡಿತರ, ಈಗ ಮಾತನ್ನೂ ಅದಕ್ಕೆ ಕಟ್ಟುತ್ತಿದ್ದೇವೆ. ಆಳಂದದ ಪ್ರಕರಣದಿಂದ ಎಚ್ಚೆತ್ತುಕೊಳ್ಳಬೇಕಾದದ್ದು ಇಲ್ಲೇ. ನಂಬರಿಗೆ ಒಟಿಪಿ ಹೋಯಿತು, ಆದ್ದರಿಂದ ಅರ್ಜಿ ಹಾಕಿದ್ದು ಅದೇ ಮನುಷ್ಯ ಎಂದು ಯಂತ್ರ ಒಪ್ಪಿಕೊಂಡಿತು. ಸುಳ್ಳನ್ನು ಬಯಲಿಗೆಳೆದದ್ದು ಮನೆ ಮನೆಗೆ ಹೋಗಿ ಮುಖ ನೋಡಿ ಕೇಳಿದ ಮನುಷ್ಯರೇ ಹೊರತು ಯಾವ ಸಿಮ್ಮೂ ಅಲ್ಲ.

ಮಾತನ್ನು ಪ್ಲಾನಿಗೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಊಹೆ ಬೇಕಿಲ್ಲ, ಯುಎಇಯಲ್ಲಿ ಉದಾಹರಣೆಯೇ ಇದೆ. 35 ಲಕ್ಷಕ್ಕೂ ಹೆಚ್ಚು ಭಾರತೀಯರು ದುಡಿಯುವ ಆ ದೇಶದಲ್ಲಿ ವಾಟ್ಸಾಪ್ ಕರೆ, ಸ್ಕೈಪ್ ಕರೆಗಳಿಗೆ ತಡೆ ಹಾಕಲಾಯಿತು. ಬದಲಿಗೆ 2018ರ ಜನವರಿಯಲ್ಲಿ ಎತಿಸಲಾತ್ ಕಂಪನಿ ‘ಇಂಟರ್ನೆಟ್ ಕಾಲಿಂಗ್ ಪ್ಲಾನ್’ ತಂದಿತು. ಮೊಬೈಲಿಗೆ ತಿಂಗಳಿಗೆ 50 ದಿರ್ಹಂ, ಮನೆಯ ಇಂಟರ್ನೆಟ್ಟಿಗೆ 100 ದಿರ್ಹಂ. ಆಗ ಕರೆ ಮಾಡಬಹುದಾಗಿದ್ದದ್ದು ಬೋಟಿಮ್, ಸಿ ಮಿ ಎಂಬ ಎರಡು ಆ್ಯಪ್‌ಗಳಿಂದ ಮಾತ್ರ. 50 ದಿರ್ಹಂ ಎಂದರೆ ಆಗಿನ ಲೆಕ್ಕದಲ್ಲಿ 860 ರೂಪಾಯಿಗೂ ಮೇಲೆ. ಇಂಟರ್ನೆಟ್ಟಿಗೆ ಒಮ್ಮೆ ಹಣ ಕೊಟ್ಟವನು ಅದೇ ಇಂಟರ್ನೆಟ್ಟಿನಲ್ಲಿ ಮನೆಯವರ ಮುಖ ನೋಡಲು ಮತ್ತೊಮ್ಮೆ ಹಣ ಕೊಡಬೇಕಾಯಿತು. ಊರಿನಲ್ಲಿರುವ ಮುದುಕಿಯೂ ಅದೇ ಆ್ಯಪ್ ಹಾಕಿಸಿಕೊಳ್ಳಬೇಕಾಯಿತು. ಪಕ್ಕದ ಸೌದಿ ಅರೇಬಿಯ 2017ರ ಸೆಪ್ಟೆಂಬರ್‌ನಲ್ಲಿ ಇಂಥ ಕರೆಗಳ ಮೇಲಿನ ನಿಷೇಧವನ್ನು ತೆಗೆಯುವುದಾಗಿ ಪ್ರಕಟಿಸಿತು. ನೆರೆಹೊರೆಯ ಎರಡು ದೇಶಗಳು ಎರಡು ಬಗೆಯಾಗಿ ತೀರ್ಮಾನಿಸಬಹುದಾದರೆ, ಇದು ತಂತ್ರಜ್ಞಾನದ ಅನಿವಾರ್ಯತೆಯಲ್ಲ, ಆಳುವವರ ಆಯ್ಕೆ ಎಂಬುದು ಸ್ಪಷ್ಟ. ಅರಬ್ ದೇಶವೊಂದು ಮಾಡಿದ್ದೆಂಬ ಕಾರಣಕ್ಕೆ ನಾವು ಮುಸ್ಲಿಮರು ಇದನ್ನು ಸಮರ್ಥಿಸಬೇಕಾಗಿಲ್ಲ. ಅನ್ಯಾಯ ದಿರ್ಹಮ್ಮಿನಲ್ಲಿ ನಡೆದರೂ ರೂಪಾಯಿಯಲ್ಲಿ ನಡೆದರೂ ಅನ್ಯಾಯವೇ.

ನಮ್ಮ ದೇಶದ ಚರಿತ್ರೆಯೂ ಗಮನಿಸತಕ್ಕದ್ದು. ಹೊರದೇಶದ ಕರೆಗಳ ಮೇಲೆ ವಿಎಸ್‌ಎನ್‌ಎಲ್‌ಗಿದ್ದ ಏಕಸ್ವಾಮ್ಯ ಮುಗಿದದ್ದು 2002ರ ಮಾರ್ಚ್ ಕೊನೆಗೆ. ಇಂಟರ್ನೆಟ್ ಮೂಲಕ ಮಾತಾಡಲು ಪರವಾನಗಿ ಸಿಕ್ಕದ್ದು ಅದರ ಮಾರನೆಯ ದಿನ, ಏಪ್ರಿಲ್ 1ಕ್ಕೆ. ಆದರೆ ದೇಶದೊಳಗಿನ ಸಾಮಾನ್ಯ ಫೋನುಗಳಿಗೆ ಇಂಟರ್ನೆಟ್ಟಿನಿಂದ ಕರೆ ಮಾಡುವಂತಿರಲಿಲ್ಲ. ಕಂಪನಿಗಳ ಆದಾಯಕ್ಕೆ ಪೆಟ್ಟು ಬೀಳಬಾರದು ಎಂಬ ಕಾಳಜಿ ಅಂದಿನಿಂದಲೂ ಇದೆ. 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ಇಂಟರ್ನೆಟ್ ಕರೆಗಳಿಗೆ ಪ್ರತ್ಯೇಕ ದರ ಹಾಕುವುದಾಗಿ ಪ್ರಕಟಿಸಿ, ಜನ ಸಿಡಿದೆದ್ದಾಗ ಕೆಲವೇ ದಿನಗಳಲ್ಲಿ ಹಿಂದೆಗೆದುಕೊಂಡಿತು. 2015ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಇಂಟರ್ನೆಟ್ ಎಲ್ಲರಿಗೂ ಒಂದೇ ಸಮನಾಗಿರಲಿ ಎಂದು ಟ್ರಾಯ್‌ಗೆ ಬರೆದರು. 2016ರ ಫೆಬ್ರವರಿ 8ರಂದು ತಾರತಮ್ಯದ ದರಗಳನ್ನು ಟ್ರಾಯ್ ನಿಷೇಧಿಸಿತು. ಅಂದು ದರದ ಬಾಗಿಲಿನಿಂದ ಒಳಬರಲಾಗದ್ದು ಇಂದು ಭದ್ರತೆಯ ಬಾಗಿಲಿನಿಂದ ಬರುತ್ತಿದೆಯೇ ಎಂದು ಕೇಳಿದರೆ ತಪ್ಪೇನು? ನವೆಂಬರ್‌ನ ನಿರ್ದೇಶನವನ್ನು ಎಲ್ಲರಿಗಿಂತ ಮೊದಲು ಸ್ವಾಗತಿಸಿದವರಲ್ಲಿ ಮೊಬೈಲ್ ಕಂಪನಿಗಳ ಸಂಘವೂ ಇತ್ತು.

ಇದೇ ಸರಕಾರದ ಇನ್ನೊಂದು ಮುಖ ನೋಡಿ. 2018ರ ಜುಲೈಯಲ್ಲಿ ಬಿಎಸ್‌ಎನ್‌ಎಲ್ ‘ವಿಂಗ್ಸ್’ ಎಂಬ ಸೇವೆ ಆರಂಭಿಸಿತು. ವರ್ಷಕ್ಕೆ 1,099 ರೂಪಾಯಿ ಕೊಟ್ಟರೆ ಹತ್ತು ಅಂಕಿಯ ಒಂದು ನಂಬರು, ಒಂದು ಆ್ಯಪ್. ಇಂಟರ್ನೆಟ್ ಇರುವ ಕಡೆಯಿಂದ ದೇಶದ ಯಾವ ಫೋನಿಗಾದರೂ ಕರೆ ಮಾಡಬಹುದು. ಅದರ ಹೆಗ್ಗಳಿಕೆಯೇ ಸಿಮ್ ಬೇಡ ಎಂಬುದು! ಸರಕಾರಿ ಕಂಪನಿ ಮಾರಿದಾಗ ಸಿಮ್ ಇಲ್ಲದ ಮಾತು ‘ಪ್ರಗತಿ’, ಅದೇ ಕೆಲಸವನ್ನು ಬಡವನೊಬ್ಬ ಹಾಟ್‌ಸ್ಪಾಟಿನಲ್ಲಿ ಮಾಡಿಕೊಂಡರೆ ‘ಅಪಾಯ’. ಇಂಟರ್ನೆಟ್ ಕರೆಗೂ ಮೊಬೈಲಿಗೂ ನಂಟು ಇರಲೇಬಾರದು ಎಂಬುದು ನಮ್ಮ ವಾದವಲ್ಲ. ಬೇಕೆಂದವರು ಜೋಡಿಸಿಕೊಳ್ಳಲಿ, ಬ್ಯಾಂಕ್ ವ್ಯವಹಾರದಂಥ ಕಡೆ ಕಟ್ಟುನಿಟ್ಟೂ ಇರಲಿ. ಆದರೆ ತಾಯಿಯೊಂದಿಗೆ ಮಾತಾಡುವುದು ಬ್ಯಾಂಕ್ ವ್ಯವಹಾರವಲ್ಲ.

ನಮ್ಮ ಸಮುದಾಯ ತನ್ನ ಅಂಗಳವನ್ನೂ ನೋಡಿಕೊಳ್ಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ನೂರಕ್ಕೆ 54 ಮಾತ್ರ. ಉಳಿದವರು ಗಂಡನದೋ ಮಗನದೋ ಫೋನನ್ನು ಕೇಳಿ ಪಡೆಯಬೇಕು. ಫೋನು ಕೈಯಲ್ಲಿದ್ದರೂ ಸಿಮ್ ಇನ್ನೊಬ್ಬರ ಹೆಸರಿನಲ್ಲಿರುವುದು ನಮ್ಮ ಎಷ್ಟು ಮನೆಗಳಲ್ಲಿಲ್ಲ? ಹೆಣ್ಣುಮಕ್ಕಳ ಹೆಸರಿನಲ್ಲಿ ಸಿಮ್ ಕೊಡಿಸಲು ಹಿಂದೆಮುಂದೆ ನೋಡುವ ಗಂಡಸರು ಈ ನಿರ್ದೇಶನದ ಬಿಸಿ ಮೊದಲು ಯಾರಿಗೆ ತಟ್ಟುತ್ತದೆಂದು ಯೋಚಿಸಲಿ. ಮಾತು ಸಿಮ್ಮಿಗೆ, ಸಿಮ್ ಗಂಡಸಿನ ಹೆಸರಿಗೆ ಕಟ್ಟಿದಾಗ, ತವರಿಗೆ ಒಂದು ಕರೆ ಮಾಡುವುದಕ್ಕೂ ಹೆಣ್ಣು ಎರಡು ಬಾಗಿಲು ತಟ್ಟಬೇಕಾಗುತ್ತದೆ. ಜಮಾತುಗಳು ಮದುವೆ ಮಂಟಪದ ಚರ್ಚೆಗೆ ಕೊಡುವ ಸಮಯದಲ್ಲಿ ಸ್ವಲ್ಪವನ್ನು ಇದಕ್ಕೂ ಕೊಡಲಿ. ವಿಧವೆಯರ, ಒಂಟಿ ವೃದ್ಧರ ನಂಬರು ರದ್ದಾಗದಂತೆ ನೋಡಿಕೊಳ್ಳುವುದು ಇಂದಿನ ಕಾಲದಲ್ಲಿ ಸಣ್ಣ ಸೇವೆಯಲ್ಲ.

ರಕ್ತಸಂಬಂಧವನ್ನು ಕಡಿದುಕೊಳ್ಳಬಾರದು, ಜೋಡಿಸಿಕೊಂಡಿರಬೇಕು ಎಂಬುದು ಇಸ್ಲಾಮಿನ ಮೂಲಭೂತ ಬೋಧನೆಗಳಲ್ಲಿ ಒಂದು. ಹೊಟ್ಟೆಪಾಡಿಗಾಗಿ ಚೆದುರಿಹೋದ ಕುಟುಂಬಗಳಿಗೆ ಅದನ್ನು ಪಾಲಿಸಲು ಇರುವ ಸಾಧನ ಈ ಕರೆ. ಇನ್ನೊಬ್ಬರ ಗುಟ್ಟನ್ನು ಇಣುಕಿ ನೋಡಬಾರದು, ಆಧಾರವಿಲ್ಲದೆ ಸಂಶಯಪಡಬಾರದು ಎಂಬುದೂ ಅದೇ ಬೋಧನೆಯ ಭಾಗ. ಎಲ್ಲರನ್ನೂ ಮೊದಲು ಶಂಕಿತರೆಂದು ಎಣಿಸಿ, ಆಮೇಲೆ ಹಣ ಕಟ್ಟಿ ನಿರಪರಾಧಿಯೆಂದು ತೋರಿಸಿಕೊಳ್ಳಿ ಎನ್ನುವ ವ್ಯವಸ್ಥೆ ಈ ಎರಡಕ್ಕೂ ವಿರುದ್ಧ. ಇದು ಮುಸ್ಲಿಮರ ಮಾತಷ್ಟೇ ಅಲ್ಲ. ಆಳಂದದ ಪಟ್ಟಿಯಿಂದ ಹೆಸರು ಅಳಿಸಲು ಹೊರಟವರು ಎಲ್ಲ ಜಾತಿ ಧರ್ಮದ ಬಡವರ ಮತಕ್ಕೆ ಕನ್ನ ಹಾಕಲು ನೋಡಿದರು. ರೀಚಾರ್ಜ್ ಮುಗಿದು ಬಾಯಿ ಕಟ್ಟುವಾಗಲೂ ಜಾತಿ ಧರ್ಮ ನೋಡುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಸುಳ್ಳು ದಾಖಲೆಗೆ ಸಿಮ್ ಮಾರುವವರ ಮೇಲೆ, ಒಂದೇ ಕೈಗೆ ನೂರಾರು ಸಿಮ್ ಸೇರುವುದನ್ನು ಕಂಡೂ ಸುಮ್ಮನಿರುವ ಕಂಪನಿಗಳ ಮೇಲೆ ಮೊದಲು ಕ್ರಮವಾಗಲಿ. ವಂಚಕರ ಖಾತೆಯ ಬಗ್ಗೆ ದೂರು ಬಂದಾಗ ಆ ಖಾತೆಯನ್ನಷ್ಟೇ ಕೂಡಲೇ ನಿಲ್ಲಿಸುವ ಹೊಣೆ ಆ್ಯಪ್ ಕಂಪನಿಗಳದಾಗಲಿ. ಸಿಮ್ ಕಡ್ಡಾಯ ಮಾಡಲೇಬೇಕೆಂದು ಸರಕಾರ ಹಟ ಹಿಡಿಯುವುದಾದರೆ ರೀಚಾರ್ಜ್ ಇಲ್ಲದೆಯೂ ಕನಿಷ್ಠ ಒಂದು ವರ್ಷ ನಂಬರು ಜೀವಂತವಾಗಿರುವ, ಒಳಬರುವ ಕರೆ ಮತ್ತು ಒಟಿಪಿ ನಿಲ್ಲದ ನಿಯಮ ತರಲಿ. ಹೊರದೇಶದಲ್ಲಿರುವ ಕಾರ್ಮಿಕರಿಗೆ ನಮ್ಮ ರಾಯಭಾರ ಕಚೇರಿಯಲ್ಲೇ ಬದಲಿ ಸಿಮ್ ಸಿಗಲಿ. ನೂರು ಕೋಟಿ ಜನರ ಮಾತಿಗೆ ಸಂಬಂಧಿಸಿದ ಇಂಥ ತೀರ್ಮಾನ ಇಲಾಖೆಯ ಒಂದು ಪತ್ರದಲ್ಲಿ ಮುಗಿಯದೆ ಸಂಸತ್ತಿನಲ್ಲಿ ಚರ್ಚೆಯಾಗಲಿ.

ಇದೆಲ್ಲ ನಡೆಯುವ ಮಾತೇ ಎಂದು ಕೈಚೆಲ್ಲುವವರಿಗೆ ಒಂದು ನೆನಪು. ಪ್ರತಿ ಹೊಸ ಫೋನಿನಲ್ಲೂ ‘ಸಂಚಾರ್ ಸಾಥಿ’ ಆ್ಯಪನ್ನು ಮೊದಲೇ ಹಾಕಿರಬೇಕೆಂದು ಇದೇ ಇಲಾಖೆ ಅದೇ ದಿನಗಳಲ್ಲಿ ಆಜ್ಞೆ ಮಾಡಿತ್ತು. ಜನ ಕೂಗೆಬ್ಬಿಸಿದರು. 2025ರ ಡಿಸೆಂಬರ್ 3ರಂದು ಆಜ್ಞೆ ವಾಪಸಾಯಿತು. 2014ರಲ್ಲಿ ಹಿಂದೆ ಸರಿದದ್ದು ಕಂಪನಿ, 2025ರಲ್ಲಿ ಸರಕಾರ. ಎರಡೂ ಸಲ ಕೂಗೆಬ್ಬಿಸಿದವರು ಹೆಚ್ಚಾಗಿ ಪಟ್ಟಣದ ವಿದ್ಯಾವಂತರು. ಸಿಮ್ಮಿನ ಮೂಗುದಾರ ಅವರ ಮೂಗಿಗೆ ಅಷ್ಟಾಗಿ ತಾಗುವುದಿಲ್ಲ, ಅವರ ರೀಚಾರ್ಜ್ ಮುಗಿಯುವುದೇ ಇಲ್ಲ. ತಾಗುವುದು ಆಳಂದದ ತಾಂಡಾಗಳಲ್ಲಿ, ಮೊಹಲ್ಲಾಗಳಲ್ಲಿ, ಪುಣೆಯ ಕಟ್ಟಡಗಳ ಕೆಳಗಿನ ತಗಡಿನ ಶೆಡ್ಡುಗಳಲ್ಲಿ. ಅವರ ಮತದ ಮೇಲೆ ಕೈ ಇಟ್ಟಾಗ ಆಳಂದ ಸುಮ್ಮನಿರಲಿಲ್ಲ. ಮಾತಿನ ಮೇಲೆ ಕೈ ಇಟ್ಟಾಗಲೂ ಸುಮ್ಮನಿರಬೇಕಾಗಿಲ್ಲ.